ಮೂವತ್ತೆರಡು ಪುಟಗಳ ಬ್ರೆಸಾಂಜ್

‘ಫ’ ಅಕ್ಷರ ಮೂರನೆಯ ಪುಟಕ್ಕೇ ಮುಗಿದುಹೋಯಿತು. ಕುಮಟೆಯ ನಮ್ಮ ಅಚ್ಚುಕೂಟದಲ್ಲಿ ಅಲ್ಲಿಯವರೆಗೆ ‘ಫ’ಕ್ಕೆ ಅಂಥ ಕೆಲಸವೇ ಬಿದ್ದಿರಲಿಲ್ಲ. ಮದುವೆ ಕಾಗದ, ಸೊಸೈಟಿಯ ವರದಿ, ಯಕ್ಷಗಾನದ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಇವಕ್ಕೆಲ್ಲ ಹದಿನೈದಿಪ್ಪತ್ತು ಅಚ್ಚುಮೊಳೆ ಇದ್ದರೆ ಧಾರಾಳವಾಗುತ್ತಿತ್ತು. ಈಗ ನಾನು ಜೋಡಿಸುತ್ತಿದ್ದದ್ದು ಫ್ರಾನ್ಸ್ ದೇಶದ ಬ್ರೆಸಾಂಜ್ ಎಂಬ ಸಣ್ಣ ಊರಿನ ಪರಿಚಯವನ್ನು, ಅದೂ ಕನ್ನಡದಲ್ಲಿ. ಹೊನ್ನಾವರದ ಇನ್ನೊಂದು ಅಚ್ಚುಕೂಟದಿಂದ ಒಂದು ಮುಷ್ಟಿ ‘ಫ’ಗಳನ್ನು ಕಾಗದದ ಪೊಟ್ಟಣದಲ್ಲಿ ಕಡ ತಂದೆ. ಅವು ನಮ್ಮ ಮೊಳೆಗಿಂತ ಕೂದಲೆಳೆಯಷ್ಟು ಎತ್ತರ. ಹಾಗಾಗಿ ಫ್ರಾನ್ಸ್ ಎಂಬ ಮಾತು ಬಂದಲ್ಲೆಲ್ಲ ಮೊದಲ ಅಕ್ಷರ ತುಸು ಕಪ್ಪಾಗಿ ಒತ್ತಿದೆ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಹೊನ್ನಾವರದ ಬಂದರಿನ ಹತ್ತಿರ, ಶರಾವತಿಯ ದಡದ ಒಂದು ಸಣ್ಣ ದವಾಖಾನೆಯಲ್ಲಿ ಫ್ರೆಂಚ್ ದಾದಿಯೊಬ್ಬರಿದ್ದರು. ಬಂದು ಮೂವತ್ತು ವರ್ಷದ ಮೇಲಾಗಿತ್ತು. ಸನ್ಯಾಸಿನಿಯಲ್ಲ, ಆದರೂ ಎಲ್ಲರ ಬಾಯಲ್ಲಿ ಸಿಸ್ಟರಮ್ಮ. ಹೊಳೆಯ ಎರಡೂ ದಡದ ಅರ್ಧ ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲಿ. ಮೀನು ಮಾರುವ, ಗದ್ದೆ ನೆಡುವ ಹೆಂಗಸರಿಂದ ಕಲಿತ ಕನ್ನಡ ಅವರದು. ಗೋಡೆಯ ಆಚೆಯಿಂದ ಕೇಳಿದರೆ ಇಲ್ಲಿಯದೇ ಯಾವುದೋ ಅಜ್ಜಿ ಮಾತಾಡಿದಂತಿರುತ್ತಿತ್ತು. ಈಗ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಇದು ಪೊರೆಯಲ್ಲ, ಒಳಗಿನ ನರದ ರೋಗ, ಶಸ್ತ್ರಕ್ರಿಯೆಯಿಂದ ಸರಿಹೋಗುವುದಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಊರಿಗೆ ಹೋಗಿ ವಿಶ್ರಾಂತಿ ಪಡೆಯಿರಿ ಎಂದು ದವಾಖಾನೆ ನಡೆಸುವವರು ಮುಂಬಯಿಯಿಂದ ಹಡಗಿನ ಟಿಕೇಟು ಮಾಡಿಸಿದ್ದರು. ಹೊರಡಲು ಎಂಟು ತಿಂಗಳಿತ್ತು.

ಅವರು ನಮ್ಮ ಅಚ್ಚುಕೂಟದ ಮೆಟ್ಟಿಲು ಹತ್ತಿದ್ದು ಒಬ್ಬ ಹೆಂಗಸಿನ ಹೆಗಲು ಹಿಡಿದುಕೊಂಡು. ಆಕೆ ಭಟ್ಕಳ ತಾಲೂಕಿನ ಬೆಳಕೆಯವಳು, ದವಾಖಾನೆಯಲ್ಲಿ ಬಹಳ ವರ್ಷಗಳಿಂದ ಆಯಾ, ಆಗಲೇ ನಲವತ್ತೈದು ದಾಟಿದವಳು.

“ನಾ ಹೋತೆ,” ಎಂದರು ಸಿಸ್ಟರಮ್ಮ, ಯಜಮಾನರ ಮೇಜಿನ ಮುಂದೆ ಕೂತು. “ಇಲ್ಲಿಯವ್ರು ದಿನಾ ಕೇಳ್ತ್ರು. ಅಮ್ಮಾ, ನೀವು ಹೋಗೂದು ಎಲ್ಲಿಗೆ, ನಿಮ್ಮೂರು ಎಂತದು ಅಂತ. ಹೇಳಿ ಹೇಳಿ ಬಾಯಿ ಸೋತೋಯ್ತು. ಒಂದು ಸಣ್ಣ ಪುಸ್ತಕ ಮಾಡ್ಕೊಡಿ. ನಾ ಎಲ್ಲಿದ್ದೆ ಅಂತ ಇವ್ರಿಗೆ ಗೊತ್ತಿರ್ಲಿ.”

“ಬರೆದು ತಂದಿದ್ದೀರಾ?” ಎಂದು ಕೇಳಿದರು ಯಜಮಾನರು.

“ಕಣ್ಣೆಲ್ಲಿ ಅದೆ ಬರಿಯೂಕೆ? ನಾ ಹೇಳ್ತೆ. ಬರ್ಕಂಬೋರು ಬೇಕು.”

ಯಜಮಾನರು ನನ್ನ ಮುಖ ನೋಡಿದರು. ತಾಲೂಕಿನ ಹಳ್ಳಿಗಳ ಒಂದು ಕೈಪಿಡಿಯನ್ನು ನಾನು ಆಗಷ್ಟೇ ಜೋಡಿಸಿ, ಕರಡು ತಿದ್ದಿ ಮುಗಿಸಿದ್ದೆ. ಒಂದು ಊರನ್ನು ಹೇಗೆ ವರ್ಣಿಸಬೇಕೆಂಬುದು ನನಗೆ ಬಾಯಿಪಾಠವಾಗಿತ್ತು: ಚತುಸ್ಸೀಮೆ, ಮನೆ, ಬಾವಿ, ಜನ, ಜಾನುವಾರು, ಬೆಳೆ, ಶಾಲೆ, ಟಪಾಲು. ಇದೇ ಕ್ರಮದಲ್ಲಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು ಮುಂದಿನ ಭಾನುವಾರವೇ ಹೊನ್ನಾವರದ ಬಸ್ಸು ಹತ್ತಿದೆ.

ಚತುಸ್ಸೀಮೆ ಸುಲಭವಾಗಿ ಮುಗಿಯಿತು. ಮೂಡಲಿಗೆ ಬೆಟ್ಟ, ಪಡುವಲಿಗೆ ನದಿ, ಬಡಗಲಿಗೆ ಕಾಡು, ತೆಂಕಲಿಗೆ ಪಕ್ಕದೂರಿನ ಹೊಲ. ಬೆಟ್ಟ ಎಷ್ಟು ಎತ್ತರ ಎಂದು ಕೇಳಿದ್ದಕ್ಕೆ ಅವರು ನನ್ನನ್ನು ಹೊಳೆ ದಾಟಿಸಿ ಅಪ್ಸರಕೊಂಡದ ಜಲಪಾತದ ಗುಡ್ಡದವರೆಗೆ ಕರೆದುಕೊಂಡು ಹೋಗಿ, “ಇದರ ಮೇಲೆ ಇಂಥವು ಮತ್ತೆ ಆರು ಇಡು,” ಎಂದರು. ನೀರು ಬೀಳುವ ಸದ್ದು ಕೇಳುತ್ತ ಬಹಳ ಹೊತ್ತು ನಿಂತರು. ಅವರ ಊರಿನ ಗಿರಣಿ ಇಂಥದೇ ನೀರಿನಿಂದ ತಿರುಗುತ್ತದಂತೆ.

ತೊಂದರೆ ಶುರುವಾದದ್ದು ಮನೆಗಳ ಲೆಕ್ಕಕ್ಕೆ ಬಂದಾಗ.

“ಎಷ್ಟು ಮನೆ ಸಿಸ್ಟರಮ್ಮ?”

ಅವರು ಕಣ್ಣು ಮುಚ್ಚಿ ಚರ್ಚಿನ ಬಾಗಿಲಿನಿಂದ ಇಳಿಯಲು ಶುರುಮಾಡಿದರು. ಎಡಕ್ಕೆ ಕಮ್ಮಾರ. ಅವನ ಅತ್ತೆ ಕಿವುಡಿ, ಬಾಗಿಲಲ್ಲೇ ಕೂತಿರುತ್ತಾಳೆ. ಅವಳ ಪಕ್ಕ ಮೂರು ಜನ ಅಕ್ಕತಂಗಿಯರು, ಯಾರಿಗೂ ಮದುವೆಯಿಲ್ಲ, ಅವರ ಮನೆಯ ಮುಂದೆ ಹಾದರೆ ಸೇಬು ಒಣಗಿಸಿದ ವಾಸನೆ. ಬಲಕ್ಕೆ ಊರ ಒಲೆ. ಹದಿನೈದು ದಿನಕ್ಕೊಮ್ಮೆ ಎಲ್ಲ ಮನೆಯವರೂ ಹಿಟ್ಟು ಕಲಸಿಕೊಂಡು ಅಲ್ಲಿಗೆ ಬಂದು ರೊಟ್ಟಿ ಸುಡುತ್ತಾರೆ. ಒಲೆ ಹೊತ್ತಿಸುವ ಸರದಿಯ ಮನೆಯವರಿಗೆ ಮೊದಲ ರೊಟ್ಟಿ. ನಾನು ಒಂದೊಂದು ಮನೆಗೆ ಒಂದೊಂದು ಗೀಟು ಹಾಕುತ್ತ ಹೋದೆ. ಅರವತ್ತಮೂರು ಆಯಿತು. ಮುಂದಿನ ಭಾನುವಾರ ಮತ್ತೊಮ್ಮೆ ಇಳಿಸಿದಾಗ ಅರವತ್ತೊಂದು.

“ಎರಡು ಮನೆ ಎಲ್ಲಿ ಹೋಯ್ತು?”

“ಅವ್ರು ಮೊನ್ನೆ ಜಗಳ ಮಾಡಿದ್ರು, ಹೇಳೂಕೆ ಮನ್ಸಾಗ್ಲಿಲ್ಲ,” ಎಂದು ನಕ್ಕರು. ಆ ‘ಮೊನ್ನೆ’ಗೆ ನಲವತ್ತು ವರ್ಷವಾಗಿರಬೇಕು.

ಹೀಗೆ ಐದು ಭಾನುವಾರ ನಡೆಯಿತು. ನನ್ನ ನೋಟ್‌ಬುಕ್ಕಿನ ಗೆರೆಗಳೆಲ್ಲ ಅಡ್ಡಾದಿಡ್ಡಿಯಾಗಿ ತುಂಬಿಕೊಂಡವು. ಬೆಳೆಯ ಕೆಳಗೆ ಅವರ ತಾಯಿಯ ಹಾಡು, ಜಾನುವಾರಿನ ಕೆಳಗೆ ಮಂಜು ಬಿದ್ದ ದಿನ ಕಳೆದುಹೋಗಿ ಮೂರನೆಯ ದಿನ ಸಿಕ್ಕಿದ ಕರು. ಓದಲು ಚೆನ್ನಾಗಿತ್ತು. ಆದರೆ ನನಗೆ ಆಗ ಇಪ್ಪತ್ತಾರು ವರ್ಷ. ಅಂಕಿಯಿಲ್ಲದ ಊರು ಊರೇ ಅಲ್ಲ ಎಂಬ ಹಟ. ಅವರಿಗೆ ಹೇಳದೆ ಒಂದು ಕೆಲಸ ಮಾಡಿದೆ.

ಭಟ್ಕಳದಲ್ಲಿ ಒಬ್ಬ ನವಾಯತ ಮುಸ್ಲಿಂ ಬಟ್ಟೆ ವ್ಯಾಪಾರಿ ಇದ್ದರು. ಅವರ ಅಂಗಡಿಯ ರಸೀದಿ ಪುಸ್ತಕ ನಮ್ಮಲ್ಲೇ ಅಚ್ಚಾಗುತ್ತಿತ್ತು. ಕೇರಳ ಕರಾವಳಿಯ ಮಾಹೆ ಪಟ್ಟಣ ಫ್ರೆಂಚರ ಕೈಯಲ್ಲಿದ್ದ ಕಾಲದಲ್ಲಿ ಇಪ್ಪತ್ತು ವರ್ಷ ಅಲ್ಲಿ ಅಂಗಡಿ ಇಟ್ಟಿದ್ದವರು. ಸುಂಕದ ಕಟ್ಟೆಯವರೊಡನೆ ವ್ಯವಹರಿಸಿ ಫ್ರೆಂಚ್ ಓದಲು ಬರೆಯಲು ಕಲಿತಿದ್ದರು. ಫ್ರೆಂಚರು ಹೋದ ಮೇಲೆ ಅವರೂ ಊರಿಗೆ ವಾಪಸಾಗಿದ್ದರು. ಹೊನ್ನಾವರದಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು ಅವರಲ್ಲಿಗೆ ಹೋದೆ. ಬ್ರೆಸಾಂಜಿನ ಪಂಚಾಯ್ತಿ ಕಚೇರಿಗೆ ಒಂದು ಪತ್ರ ಬೇಕು ಎಂದೆ. ಜನ ಎಷ್ಟು, ಮನೆ ಎಷ್ಟು, ಶಾಲೆಯಲ್ಲಿ ಮಕ್ಕಳೆಷ್ಟು, ಗಿರಣಿ ಎಷ್ಟು, ಜೊತೆಗೆ ಸಿಸ್ಟರಮ್ಮನ ಅಣ್ಣನ ಮನೆಯ ಸ್ಥಿತಿ. ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರು ಹೋಗಿ ಇರಬೇಕೆಂದುಕೊಂಡಿದ್ದದ್ದು ಆ ಮನೆಯಲ್ಲೇ.

ವ್ಯಾಪಾರಿ ಕನ್ನಡಕ ಒರೆಸಿಕೊಂಡು, ಅಂಗಡಿಯ ಒಳಗಿನಿಂದ ಒಂದು ಹಳೆಯ ಲೇಖನಿ ತಂದರು.

“ಎಂಟು ವರ್ಷ ಆಯ್ತು ಭಾಯಿ, ಈ ಜಬಾನ್ ಬರೆದು,” ಎಂದರು. “ಕೈ ನೆನಪಿಟ್ಟಿದೆಯೋ ನೋಡೋಣ.” ಒಂದು ಪುಟದ ಪತ್ರಕ್ಕೆ ಅರ್ಧ ದಿನ ತೆಗೆದುಕೊಂಡರು. ಎರಡು ಸಲ ಹರಿದು ಮತ್ತೆ ಬರೆದರು.

ನಮ್ಮಲ್ಲಿ ಎಂಟು ಪುಟಕ್ಕೆ ಸಾಕಾಗುವಷ್ಟೇ ಮೊಳೆ. ಎಂಟು ಪುಟ ಜೋಡಿಸಿ, ಟ್ರೆಡಲ್ ಯಂತ್ರದ ಮೇಲೆ ಒತ್ತಿ, ಸೀಮೆಎಣ್ಣೆಯಲ್ಲಿ ತೊಳೆದು, ಮೊಳೆಗಳನ್ನೆಲ್ಲ ಬಿಚ್ಚಿ ಮತ್ತೆ ಅವುಗಳ ಖಾನೆಗೆ ಹಾಕಿದ ಮೇಲೆಯೇ ಮುಂದಿನ ಎಂಟು. ಅಂದರೆ ಒತ್ತಿದ ಮೇಲೆ ತಿದ್ದುವಂತಿಲ್ಲ. ಪತ್ರಕ್ಕೆ ಉತ್ತರ ಬರುವವರೆಗೆ ಕೂತಿರಲು ಆಗುತ್ತಿರಲಿಲ್ಲ. ಬೆಟ್ಟ, ನದಿ, ಹವೆ, ಚಳಿಗಾಲ ಇವುಗಳ ಮೊದಲ ಎಂಟು ಪುಟ ಒತ್ತಿ ಮುಗಿಸಿದೆವು. ಊರಿನ ನಕ್ಷೆಗೆ ಕುಮಟೆಯ ಗುಡಿಗಾರರೊಬ್ಬರು ಮರದ ಅಚ್ಚು ಕೆತ್ತಿಕೊಟ್ಟರು. ಅದನ್ನು ಸಿಸ್ಟರಮ್ಮನ ಕೈಗೆ ಕೊಟ್ಟಾಗ ಅವರು ಬೆರಳಿನಿಂದ ಸವರಿ ಸವರಿ, “ನದಿ ತಪ್ಪಾಯ್ತಲ, ಚರ್ಚಿನಿಂದ ಇಳಿದ್ರೆ ಇದು ಬಲಕ್ಕೆ ಸಿಕ್ಕೂದು,” ಎಂದರು. ಅಚ್ಚು ಯಾವಾಗಲೂ ಉಲ್ಟಾ, ಕಾಗದಕ್ಕೆ ಬಿದ್ದಾಗ ಸರಿಯಾಗುತ್ತದೆ ಎಂದೆ. ಆದರೂ ಸಮಾಧಾನವಾಗದೆ ಮತ್ತೆ ಮತ್ತೆ ಅದೇ ಜಾಗ ಮುಟ್ಟಿದರು.

ಮುಂದಿನ ಎಂಟು ಪುಟ ಜೋಡಿಸಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದಿಟ್ಟಿದ್ದೆ. ಬೀದಿ, ಶಾಲೆ, ಗಿರಣಿ, ಒಲೆ. ಆಗ ಪತ್ರ ಬಂತು. ಕಳಿಸಿ ಮೂರು ತಿಂಗಳಾಗಿತ್ತು. ಒಡೆದು ನೋಡಿದರೆ ದುಂಡಗಿನ ಅಕ್ಷರದಲ್ಲಿ ಎರಡು ಪುಟ. ಅಂಕಿಗಳನ್ನು ಹುಡುಕಿದೆ, ಬಹಳ ಕಡಿಮೆ ಇದ್ದವು. ಮರುದಿನವೇ ಭಟ್ಕಳಕ್ಕೆ ಓಡಿದೆ.

ವ್ಯಾಪಾರಿ ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಓದುತ್ತ ಓದುತ್ತ ಗಿರಾಕಿಯೊಬ್ಬರನ್ನು ಕೈಸನ್ನೆಯಿಂದಲೇ ಹೊರಗೆ ಕಳಿಸಿದರು.

“ಬರ್ಕೊಳ್ಳಿ,” ಎಂದರು ಆಮೇಲೆ.

ಬರೆದದ್ದು ಆ ಕಚೇರಿಯ ಗುಮಾಸ್ತ. ಊರಿನಲ್ಲಿ ಈಗ ಐವತ್ತು ಜನರೂ ಇಲ್ಲ. ಯುದ್ಧ ಮುಗಿದ ಮೇಲೆ ಎಳೆಯರೆಲ್ಲ ದೂರದ ಪಟ್ಟಣದ ಕಾರ್ಖಾನೆಗೆ ಹೋದರು. ಮಕ್ಕಳಿಲ್ಲವೆಂದು ಶಾಲೆ ಮುಚ್ಚಿದೆ. ಗಿರಣಿಯ ಚಕ್ರ ನಿಂತು ಎಷ್ಟೋ ವರ್ಷ. ಊರ ಒಲೆಯ ಮಾಡು ಕುಸಿದಿದೆ, ರೊಟ್ಟಿ ಪಕ್ಕದೂರಿನಿಂದ ವ್ಯಾನಿನಲ್ಲಿ ಬರುತ್ತದೆ. ಆ ಅಣ್ಣನ ಮನೆಯ ಚಾವಣಿ ಹಿಂದಿನ ಚಳಿಗಾಲದ ಹಿಮಕ್ಕೆ ಬಿದ್ದುಹೋಯಿತು, ಒಳಗೆ ಗಿಡ ಬೆಳೆದಿದೆ. ತಾವು ಕೇಳಿದ ಹೆಂಗಸನ್ನು ಬಲ್ಲವರು ಈಗ ಯಾರೂ ಇಲ್ಲ. ಒಬ್ಬ ಮುದುಕನಿಗೆ ಮಾತ್ರ ಅವರ ತಾಯಿಯ ನೆನಪಿದೆ. ತಮ್ಮ ಪುಸ್ತಕ ಯಾವ ಭಾಷೆಯಲ್ಲಿದ್ದರೂ ಒಂದು ಪ್ರತಿ ಕಳಿಸಿದರೆ ಕಚೇರಿಯಲ್ಲಿ ಇಡುತ್ತೇನೆ. ಇಷ್ಟು.

“ಅವರಿಗೆ ಗೊತ್ತಾ ಇದೆಲ್ಲ?” ಕೇಳಿದರು ವ್ಯಾಪಾರಿ.

ಗೊತ್ತಿಲ್ಲ ಎಂದೆ. ಅಣ್ಣ ಸತ್ತ ಮೇಲೆ ಅವರಿಗೆ ಪತ್ರ ಬರೆಯುವವರು ಯಾರೂ ಇರಲಿಲ್ಲ.

“ಹಾಗಾದ್ರೆ ಇದು ಅವರ ಖಬರ್. ನಿಮ್ಮದಲ್ಲ, ನನ್ನದೂ ಅಲ್ಲ. ಹಡಗು ಹತ್ತೋ ಮೊದಲು ತಲುಪಿಸಿ.” ಪತ್ರ ಮಡಚಿ ನನ್ನ ಕೈಗೆ ಕೊಡುತ್ತ ಹೇಳಿದರು: “ಎರಡು ವರ್ಷದ ಹಿಂದೆ ನಾನು ಮಾಹೆಗೆ ಹೋಗಿದ್ದೆ. ಯಾರೂ ಮೊದಲೇ ಹೇಳಿರಲಿಲ್ಲ. ನನ್ನ ಅಂಗಡಿ ಇದ್ದ ಬೀದಿಯಲ್ಲಿ ನಿಂತು ನಾನೇ ದಾರಿ ಕೇಳಬೇಕಾಯ್ತು.”

ಕುಮಟೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ನನ್ನೊಡನೆ ಮನೆಮಾತಿನಲ್ಲೇ ಮಾತಾಡುವವರು.

“ನಿಂಗೆ ಎಂತಕ್ಕೆ ಬೇಕಾಗಿತ್ತು ಈ ಉಸಾಬರಿ?” ಎಂದರು. “ಅವ್ರು ಹೇಳಿದ್ದನ್ನ ಅಚ್ಚು ಹಾಕದು ನಮ್ಮ ಕೆಲಸ. ಊರು ಇದ್ದೋ ಇಲ್ಯೋ ನೋಡದು ನಮ್ಮ ಕೆಲಸ ಅಲ್ಲ. ಹೆಂಗೂ ಕಣ್ಣು ಕಾಣ್ತಿಲ್ಲೆ. ಸಂತೋಷದಲ್ಲಿ ಹೋಗ್ಲಿ ಬಿಡು.”

ಆ ಮಾತು ನನಗೂ ಅನುಕೂಲವಾಗಿತ್ತು. ಒಂಬತ್ತು ದಿನ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಬಿಗಿದಿಟ್ಟ ಪುಟಗಳ ಹತ್ತಿರ ಹೋದರೆ ಕೈ ಮುಂದೆ ಹೋಗುತ್ತಿರಲಿಲ್ಲ. ‘ಮಕ್ಕಳು ಬೆಂಚಿನ ಮೇಲೆ ಕೂರುತ್ತಾರೆ’ ಎಂಬ ಸಾಲನ್ನು ಕನ್ನಡಿಯಕ್ಷರದಲ್ಲಿ ಎಷ್ಟು ಸಲ ಓದಿದೆನೋ. ಸುಳ್ಳನ್ನು ಅಚ್ಚು ಹಾಕುವುದರ ಅಳುಕಿಗಿಂತ ಹೆಚ್ಚಾಗಿ ಕಾಡಿದ್ದು ಬೇರೊಂದು ಚಿತ್ರ: ಕಣ್ಣು ಕಾಣದ ಮುದುಕಿ, ಕೈಯಲ್ಲಿ ಪೆಟ್ಟಿಗೆ, ಅಣ್ಣನ ಮನೆಯ ಬಾಗಿಲು ತಡಕುತ್ತ ಮುಳ್ಳುಗಿಡಕ್ಕೆ ಕೈಹಾಕುವುದು. ಹತ್ತನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ದವಾಖಾನೆಯ ಜಗಲಿಯಲ್ಲಿ ಅವರು ಕೂತಿದ್ದರು. ಆಯಾ ಒಳಗೆ ಬಟ್ಟೆ ಮಡಚುತ್ತಿದ್ದಳು. ನಾನು ಬರೆದುಕೊಂಡಿದ್ದ ಕನ್ನಡವನ್ನು ಒಂದೂ ಬಿಡದೆ ಓದಿದೆ. ಮುಗಿದ ಮೇಲೆ, “ಬರದವ್ರ ಹೆಸ್ರೆಂತ?” ಎಂದರು. ಹೇಳಿದೆ.

“ಕಮ್ಮಾರನ ಮೊಮ್ಮಗ,” ಎಂದರು. “ಆ ಮನೆಯವ್ರು ಸುಳ್ಳು ಹೇಳೂರಲ್ಲ.”

ಆಮೇಲೆ ಅವರ ಮುಖ ನನ್ನ ಕಡೆ ತಿರುಗಿತು. ಅವರಿಗೆ ನಾನು ಎಷ್ಟು ಕಾಣುತ್ತಿದ್ದೆನೋ ಗೊತ್ತಿಲ್ಲ.

“ನನ್ನ ಕೇಳ್ದೆ ಎಂತಕೆ ಬರ್ದೆ ನೀನು? ನಾ ನಿಂಗೆ ನನ್ನೂರು ಹೇಳ್ದೆ. ಐದು ವಾರ ಹೇಳ್ದೆ. ನಿಂಗೆ ಲೆಕ್ಕ ಬೇಕಾಯ್ತು.”

“ತಪ್ಪಾಯ್ತು ಸಿಸ್ಟರಮ್ಮ. ಆದ್ರೆ ನೀವು ಅಲ್ಲಿಗೆ ಹೋಗಿ ನಿಂತ ಮೇಲೆ…”

“ಪುಸ್ತಕ ಬೇಡ. ಹೋಗು.”

ಹೊರಟು ಬಂದೆ. ಬಂದರಿನ ತನಕ ಹೋಗಿ, ಬಸ್ಸಿನ ಹೊತ್ತನ್ನೂ ಮರೆತು ಕೂತಿದ್ದೆ. ಅವರಿಗೆ ಇದ್ದದ್ದು ಅದೊಂದೇ ಊರು. ಅದನ್ನು ನಾನು ಒಂದು ಮಧ್ಯಾಹ್ನದಲ್ಲಿ ಖಾಲಿ ಮಾಡಿಬಿಟ್ಟಿದ್ದೆ.

ಎರಡು ವಾರ ಸುದ್ದಿಯಿಲ್ಲ. ಮದುವೆಗಳ ಕಾಲ ಹತ್ತಿರವಾಗಿತ್ತು, ಎಂಟು ಪುಟದ ಮೊಳೆ ಸಿಕ್ಕಿಕೊಂಡು ಬೇರೆ ಕೆಲಸ ನಿಂತಿತ್ತು. ಬಿಚ್ಚಿಹಾಕು ಎಂದು ಯಜಮಾನರು ದಿನಾ ಹೇಳುತ್ತಿದ್ದರು. ನಾಳೆ ಎಂದು ನಾನು ಮುಂದೂಡುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಚೌಕಟ್ಟಿನ ಕೀಲಿ ಹಿಡಿದುಕೊಂಡು ಬಿಚ್ಚಲು ನಿಂತಾಗಲೇ ಆಯಾ ಬಾಗಿಲಲ್ಲಿ ಕಾಣಿಸಿಕೊಂಡಳು. ಮೊದಲ ಬಸ್ಸಿಗೆ ಬಂದಿದ್ದಳು.

“ಅಮ್ಮ ಬಪ್ಕೆ ಹೇಳಿರ್. ಪುಸ್ತಕದ್ ಕಾಗ್ದ ಎಲ್ಲ ತಕಂಡ್ ಬರ್ಕ್ ಅಂಬ್ರ್.”

ಕರಡು ಪುಟಗಳನ್ನೂ ನೋಟ್‌ಬುಕ್ಕನ್ನೂ ಎತ್ತಿಕೊಂಡು ಅವಳ ಜೊತೆಗೇ ಹೊರಟೆ. ದಾರಿಯಲ್ಲಿ ಅವಳು ಹೇಳಿದಳು: ಅಮ್ಮ ನಾಲ್ಕು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಐದನೆಯ ದಿನ ಹೆರಿಗೆಗೆ ಬಂದವಳೊಬ್ಬಳು ಕೂಗುವುದು ಕೇಳಿ ಎದ್ದು ಬಂದು, ಕೈತೊಳೆದುಕೊಂಡು, ಕಣ್ಣು ಕಾಣದಿದ್ದರೂ ಕೈಯಲ್ಲೇ ನೋಡಿ ಹೆರಿಗೆ ಮಾಡಿಸಿದರು. ಆಮೇಲೆ ಊಟ ಕೇಳಿದರು.

ಸಿಸ್ಟರಮ್ಮ ಸಿಟ್ಟಿನ ಮಾತು ಆಡಲಿಲ್ಲ. ಕೂತುಕೋ ಎಂದರು.

“ಪುಸ್ತಕ ಆಗ್ಲಿ. ಸರಿ ಮಾಡಿ ಆಗ್ಲಿ. ಒಂದೊಂದೇ ಸಾಲು ಓದು. ಯಾವ್ದು ಇದೆ, ಯಾವ್ದು ಇತ್ತು, ನಾ ಹೇಳ್ತೆ.”

ಆ ಕೆಲಸಕ್ಕೆ ಎರಡು ದಿನ ಹಿಡಿಯಿತು. ನಾನು ಓದುವುದು, ಅವರು ತೀರ್ಪು ಕೊಡುವುದು.

“ನದಿ?”

“ಇದೆ. ನದಿ ಹೋಯ್ತು ಅಂತ ಪತ್ರದಲ್ಲಿಲ್ಲಲ.”

“ಶಾಲೆ?”

“ಇತ್ತು.”

“ಶಾಲೆಯ ಗೋಡೆಯ ಮೇಲೆ ಬಿಸಿಲಿನ ಗಡಿಯಾರ?”

ಯೋಚಿಸಿದರು. “ಶಾಲೆ ಮುಚ್ಚಿದೆ ಅಂದ. ಗೋಡೆ ಬಿತ್ತು ಅಂದಿಲ್ಲ. ಬಿಸಿಲು ಬಂದ್ರೆ ಅದು ಹೊತ್ತು ತೋರಿಸ್ತದೆ. ಇದೆ ಅಂತ ಹಾಕು.”

ಗಿರಣಿ ಇತ್ತು. ಒಲೆ ಇತ್ತು. ಮೂವರು ಅಕ್ಕತಂಗಿಯರು ಇದ್ದರು. ಮೊದಲ ದಿನ ಸಂಜೆಯ ಹೊತ್ತಿಗೆ ಅವರ ದನಿ ಬತ್ತಿಹೋಗಿತ್ತು, ಆದರೂ ನಿಲ್ಲಿಸಲಿಲ್ಲ. ಅಣ್ಣನ ಮನೆಯ ಪುಟ ಬಂದಾಗ ತಾವೇ ಮುಂಚೆ ಹೇಳಿಬಿಟ್ಟರು: “ಎಲ್ಲ ಇತ್ತು. ಓದೂದು ಬೇಡ.”

ಎರಡನೆಯ ದಿನ ಚರ್ಚಿನ ಹಿಂದಿನ ಅಕ್ರೋಟ ಮರದ ಸಾಲಿಗೆ ಬಂದು ನಿಂತೆವು. ಆ ಮರವನ್ನು ಅವರ ತಂದೆ ನೆಟ್ಟಿದ್ದರು.

“ಅದ್ರ ಮಾತು ಪತ್ರದಲ್ಲಿ ಎಂತ ಅದೆ?”

ಏನೂ ಇರಲಿಲ್ಲ. ನಾನು ಕೇಳಿರಲೂ ಇಲ್ಲ. ಮನೆ, ಶಾಲೆ, ಗಿರಣಿ ಕೇಳಿದ್ದೆ. ಮರ ಕೇಳಬೇಕೆಂದು ಹೊಳೆದಿರಲಿಲ್ಲ. ಇದೆ ಎನ್ನಲು ಅವರಿಗೆ ಧೈರ್ಯವಿಲ್ಲ, ಇತ್ತು ಎನ್ನಲು ಮನಸ್ಸಿಲ್ಲ. ಆಗ ನನಗೊಂದು ದಾರಿ ತೋಚಿತು.

“ಸಿಸ್ಟರಮ್ಮ, ಕನ್ನಡದಲ್ಲಿ ಎರಡೂ ಹೇಳದೆ ಬಿಡಬಹುದು. ‘ಚರ್ಚಿನ ಹಿಂದೆ ದೊಡ್ಡ ಅಕ್ರೋಟ ಮರ.’ ಅಷ್ಟೇ. ವಾಕ್ಯ ಪೂರ್ತಿಯಾಗ್ತದೆ.”

ಅವರು ಅದನ್ನು ತಮ್ಮೊಳಗೇ ಹೇಳಿಕೊಂಡು ನೋಡಿದರು. “ಆತು. ಹಾಂಗೇ ಇರ್ಲಿ.”

ಬಾಗಿಲಿಗೆ ಒರಗಿ ಎರಡು ದಿನದಿಂದ ಇದನ್ನೆಲ್ಲ ಕೇಳುತ್ತಿದ್ದ ಆಯಾ ಆಗ ಬಾಯಿ ಹಾಕಿದಳು.

“ನಂಗೊಂದ್ ಅರ್ಥ ಆಯ್ಲಿಲ್ಲೆ. ಶಾಲೆ ಇತ್ತ್ ಅಂದ್ರೆ ಈಗ್ಲೂ ಇತ್ತ್ ಅಂತ್ಲೆ ಅಲ್ದಾ? ಇದೆ ಅಂದ್ರೂ ಅದೇ, ಇತ್ತ್ ಅಂದ್ರೂ ಅದೇ. ಎಂತಕೆ ಇಷ್ಟ್ ತಲೆಬಿಸಿ?”

ಭಟ್ಕಳದಿಂದ ದಕ್ಷಿಣಕ್ಕೆ ಹೋದರೆ ಮಾತೇ ಹಾಗೆ. ‘ಇತ್ತ್’ ಎಂದರೆ ಈಗ ಇದೆ ಎಂದೇ ಅರ್ಥ. ನಾನು ವಿವರಿಸಲು ಹೊರಡುವಷ್ಟರಲ್ಲಿ ಸಿಸ್ಟರಮ್ಮ ನಕ್ಕರು. ಪತ್ರ ಓದಿದ ದಿನದಿಂದ ಅವರ ನಗೆ ನಾನು ಕೇಳಿರಲಿಲ್ಲ. ನಗುತ್ತ ನಗುತ್ತ ಕನ್ನಡಕ ತೆಗೆದು ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಕಣ್ಣೊರೆಸಿಕೊಂಡರು.

“ಬೆಳಕೆಯವ್ರು ಓದಿದ್ರೆ ಎಲ್ಲ ಅದೆ,” ಎಂದರು. “ಹೊನ್ನಾವರದವ್ರು ಓದಿದ್ರೆ ಇಲ್ಲ. ಅಷ್ಟಾದ್ರೂ ಆಯ್ತಲ.”

ಆಯಾ ಕೇಳಿದ ಎರಡನೆಯ ಪ್ರಶ್ನೆ ನಾನು ಕೇಳಲಾಗದೆ ಉಳಿದದ್ದು: “ಯಾರೂ ಇಲ್ದಿದ್ ಊರಿಗೆ ಹೋಯಿ ಎಂತ ಮಾಡ್ತ್ರಿ ಅಮ್ಮ? ಇಲ್ಲೇ ಇರಿ.”

“ಅಪ್ಪ ಅಮ್ಮನ ಮಣ್ಣು ಅಲ್ಲಿ ಅದೆ. ಅಣ್ಣಂದೂ. ಒಂದ್ಸಲ ಹೋಗಿ ಹೇಳ್ಬೇಕು, ನಾ ಬಂದೆ ಅಂತ.” ಆಮೇಲೆ ನನ್ನ ಕಡೆಗೆ: “ಆ ಗುಮಾಸ್ತನಿಗೆ ಬರಿ. ನಾ ಬತ್ತೆ, ಮಳೆ ಹನಿಯದ ಒಂದು ಕೋಣೆ ಸಾಕು ಅಂತ. ಈ ಸಲ ನಾ ಹೇಳ್ತೆ, ನೀ ಬರಿ.”

ಬಿಗಿದಿಟ್ಟ ಎಂಟು ಪುಟಗಳನ್ನು ತಿದ್ದುವುದು ಹೊಸದಾಗಿ ಜೋಡಿಸುವುದಕ್ಕಿಂತ ಕಷ್ಟವಾಯಿತು. ‘ಕೂರುತ್ತಾರೆ’ ಹೋಗಿ ‘ಕೂರುತ್ತಿದ್ದರು’ ಆದರೆ ಸಾಲು ಹೊರಚಾಚುತ್ತದೆ. ಕೊನೆಯ ಪದ ಕೆಳಗಿಳಿಯುತ್ತದೆ. ಅದು ಇಳಿದರೆ ಮುಂದಿನ ಸಾಲೂ ಬದಲು. ಒಂದೊಂದು ಪ್ಯಾರಾದಲ್ಲೂ ಎರಡೋ ಮೂರೋ ಸಾಲು ಉದ್ದವಾಗಿ, ಪುಟದ ತಳದಲ್ಲಿ ಜಾಗವಿಲ್ಲದೆ ನಡುವಿನ ಸೀಸದ ಪಟ್ಟಿಗಳನ್ನು ತೆಗೆದು ಹಿಂಡಿ ಹಿಂಡಿ ಕೂರಿಸಿದೆ. ಆಗಿಹೋದದ್ದಕ್ಕೆ ಇರುವುದಕ್ಕಿಂತ ಹೆಚ್ಚು ಜಾಗ ಬೇಕೆಂದು ನನಗೆ ತಿಳಿದದ್ದು ಹಾಗೆ. ಯಜಮಾನರು ಎರಡು ದಿನ ನನ್ನ ಪಕ್ಕದಲ್ಲಿ ನಿಂತು ಚಿಮುಟ ಹಿಡಿದರು. ಮೊದಲೇ ಒತ್ತಿಯಾಗಿದ್ದ ಪುಟಗಳಲ್ಲಿ ಒಂದು ಸಾಲು ಉಳಿದುಕೊಂಡಿತ್ತು: ‘ಗಿರಣಿಯ ಸದ್ದು ಹೊಲದವರೆಗೂ ಕೇಳಿಸುತ್ತದೆ.’ ಆ ಪುಟ ಹರಿದು ಮತ್ತೆ ಒತ್ತಲೇ ಎಂದು ಸಿಸ್ಟರಮ್ಮನನ್ನು ಕೇಳಿದೆ. ಬೇಡ ಎಂದರು. “ಒಂದು ಸುಳ್ಳು ಇರ್ಲಿ.”

ಮೂವತ್ತೆರಡು ಪುಟದ ಪುಸ್ತಕ ಅವರು ಹೊರಡುವ ಆರು ದಿನ ಮೊದಲು ಮುಗಿಯಿತು. ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ಹೊಳೆಯಾಚೆಯಿಂದಲೂ ಜನ ಬಂದಿದ್ದರು. ಮೀನಿನ ಬುಟ್ಟಿ ಕೆಳಗಿಟ್ಟು, ತರಕಾರಿಯ ಹೊರೆ ಇಳಿಸಿ, ಹೆಂಗಸರು ಒಬ್ಬೊಬ್ಬರಾಗಿ ಬಂದು ಅವರ ಕೈ ಹಿಡಿದರು. ಅವರು ಕೈ ಸವರಿಯೇ ಬಹಳ ಜನರ ಹೆಸರು ಹೇಳಿದರು. ಓದು ಬಾರದವರೂ ಪುಸ್ತಕ ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡರು. ಬ್ರೆಸಾಂಜ್ ಎನ್ನಲು ನಾಲಗೆ ಹೊರಳದೆ ಯಾರೋ ‘ಬರಸಂಜೆ’ ಎಂದರು, ಅಷ್ಟರಲ್ಲಿ ಅದೇ ಹೆಸರು ಬಸ್ಸಿನ ಸುತ್ತ ಹಬ್ಬಿತು. ಸಿಸ್ಟರಮ್ಮ ತಿದ್ದಲಿಲ್ಲ. ಹುಬ್ಬಳ್ಳಿಯವರೆಗೆ ಆಯಾ ಜೊತೆಗೆ ಹೋದಳು.

ಒಂದು ಮಳೆಗಾಲ ಕಳೆದು ಪತ್ರ ಬಂತು, ಅದೇ ದುಂಡಗಿನ ಅಕ್ಷರ. ಭಟ್ಕಳದ ವ್ಯಾಪಾರಿ ಅಂಗಡಿಯ ಅರ್ಧ ಬಾಗಿಲು ಹಾಕಿ ಓದಿ ಹೇಳಿದರು. ಸಿಸ್ಟರಮ್ಮ ಹೇಳಿ ಬರೆಸಿದ್ದು. ಹಡಗಿನಲ್ಲಿರುವಾಗಲೇ ಉಳಿದ ಬೆಳಕೂ ಹೋಯಿತಂತೆ. ‘ಹಾಗಾಗಿ ನಾನು ಊರು ನೋಡಲಿಲ್ಲ, ಬಿದ್ದ ಗೋಡೆಗಳನ್ನೂ ನೋಡಲಿಲ್ಲ. ಪಂಚಾಯ್ತಿಯವರು ಶಾಲೆಯ ಮಾಸ್ತರರ ಹಳೆಯ ಕೋಣೆ ಕೊಟ್ಟಿದ್ದಾರೆ. ಬೆಳಿಗ್ಗೆ ಚರ್ಚಿನಿಂದ ನದಿಗೆ ಹೆಜ್ಜೆ ಎಣಿಸುತ್ತ ಇಳಿಯುತ್ತೇನೆ. ಎಲ್ಲ ಅಲ್ಲಲ್ಲೇ ಇವೆ. ಒಲೆಯ ಹತ್ತಿರ ಬಂದಾಗ ಮಾತ್ರ ವಾಸನೆ ಬರುವುದಿಲ್ಲ, ಅಲ್ಲಿ ತುಸು ಬೇಗ ನಡೆಯುತ್ತೇನೆ. ಎದ್ದ ಕೂಡಲೇ ನನ್ನ ಬಾಯಿಗೆ ಬರುವುದು ಕನ್ನಡ. ಬಾಗಿಲು ತೆರೆದು ಎಂತ ಎಂದು ಕೇಳುತ್ತೇನೆ. ಯಾರಿಗೂ ತಿಳಿಯುವುದಿಲ್ಲ.’

ವ್ಯಾಪಾರಿ ಕನ್ನಡಕ ತೆಗೆದಿಟ್ಟರು. ಪತ್ರವನ್ನು ಒಂದು ದಿನ ಇಟ್ಟುಕೊಳ್ಳಲೇ, ನಕಲು ಮಾಡಿಕೊಳ್ಳುತ್ತೇನೆ ಎಂದು ಕೇಳಿದರು.

ಮರುದಿನ ನಾನು ಬರೆದುಕೊಂಡಿದ್ದ ಅದರ ಕನ್ನಡವನ್ನು ದವಾಖಾನೆಯ ಜಗಲಿಗೆ ತೆಗೆದುಕೊಂಡು ಹೋದೆ. ಮದ್ದಿಗೆ ಬಂದಿದ್ದ ಹೆಂಗಸರು ಸುತ್ತ ಕೂತರು. ಕಣ್ಣಿನ ಮಾತು ಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಬಿಡಲಿಲ್ಲ, ಇದ್ದದ್ದನ್ನು ಇದ್ದಂತೆ ಓದಿದೆ. ಆಯಾ ಕಂಬಕ್ಕೆ ಒರಗಿ ನಿಂತಿದ್ದಳು.

“ನದಿ ಬದಿಗೆ ಇಳಿವತಿಗೆ ಅಮ್ಮನ ಕೈ ಹಿಡ್ಕಂಬ್ಕೆ ಯಾರ್ ಇದ್ರ್ ಅಲ್ಲಿ?” ಎಂದು ಕೇಳಿದಳು.

ಬರೆದುಕೊಂಡದ್ದನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದೆ. ಅದಿರಲಿಲ್ಲ.

“ಗೊತ್ತಿಲ್ಲ,” ಎಂದೆ.

“ಗೊತ್ತಿಲ್ದಿರೆ ಬರ್ದ್ ಕೇಣಿ. ಹ್ವಾದ್ ಸಲ ಎಂತೆಂತದೋ ಕೇಣ್ದಿರಿ. ಇದನ್ನ್ ಕೇಣಿ.”

ಮಧ್ಯಾಹ್ನದ ದೋಣಿಗೆ ಹೊಳೆ ದಾಟಿ ಮತ್ತೆ ಭಟ್ಕಳಕ್ಕೆ ಹೋದೆ. ಕಾಗದದ ಮೇಲೆ ಆ ಒಂದೇ ಪ್ರಶ್ನೆ ಇತ್ತು.